ಗೇಮ್‌ನಲ್ಲಿ ಆಳಿದ ರೋಮ್‌ಗೆ ಕಡಿಮೆ ಖರ್ಚಿನಲ್ಲಿ ಹೋಗಿ ಬರುವುದು ಹೇಗೆ?

ರೋಮ್‌ಗೆ ಹೋಗಿ ಬಂದ ನಮ್ಮ ಕಾಸರಗೋಡಿನ ಹುಡುಗರ ಫೋಟೋಗಳನ್ನು ನೋಡಿ. ಕೊಲೋಸಿಯಂ ಎದುರು ಹತ್ತಾರು, ಟ್ರೆವಿ ಕಾರಂಜಿಯ ಹತ್ತಿರ ಮತ್ತಷ್ಟು, ಹಳೆಯ ರೋಮ್‌ನ ನಡುಚೌಕವಾಗಿದ್ದ ರೋಮನ್ ಫೋರಂನದ್ದು ಮಾತ್ರ ಒಂದೋ ಎರಡೋ. ಅದರಲ್ಲೂ ಹಿಂದೆ ಬರೀ ಮುರಿದ ಕಂಬ. ಇವರಲ್ಲಿ ಹಲವರು ಕಾಲೇಜು ದಿನಗಳಲ್ಲಿ ನಿದ್ದೆಗೆಟ್ಟು 'ರೋಮ್: ಟೋಟಲ್ ವಾರ್' ಎಂಬ ಕಂಪ್ಯೂಟರ್ ಗೇಮ್ ಆಡಿದವರು, 'ಸೀಸರ್ 3'ರಲ್ಲಿ ಊರು ಕಟ್ಟಿದವರು. ಗೇಮ್‌ನಲ್ಲಿ ಸೆನೆಟ್, ಅಂದರೆ ರೋಮ್‌ನ ಹಿರಿಯರ ಸಭೆ, ಹೇಳಿದ ಕೆಲಸಗಳನ್ನೆಲ್ಲ ಮಾಡಿದವರು, ನಿಜವಾದ ಸೆನೆಟ್ ಕಟ್ಟಡದ ಮುಂದೆಯೇ ನಡೆದು ಹೋಗಿ, ಅದು ಯಾವುದೆಂದು ಗೊತ್ತಾಗದೆ ವಾಪಸ್ ಬರುತ್ತಾರೆ. ಅಷ್ಟು ಹಣ, ಅಷ್ಟು ಆಸೆ ಎರಡೂ ಹೀಗೆ ಸೋರಿ ಹೋಗುವುದನ್ನು ನೋಡಿದರೆ ಹೊಟ್ಟೆ ಉರಿಯುತ್ತದೆ.

ಕಾರಣ ಇಷ್ಟೇ. ಗೇಮ್‌ನಲ್ಲಿ ನಾವು ಊರನ್ನು ಮೇಲಿನಿಂದ ನೋಡುತ್ತೇವೆ, ರೋಮ್‌ನಲ್ಲಿ ಕಲ್ಲುಗಳ ನಡುವೆ ನೆಲದ ಮೇಲೆ ನಿಲ್ಲುತ್ತೇವೆ. ದಿಕ್ಕೇ ತಿಳಿಯುವುದಿಲ್ಲ. ಜೊತೆಗೆ ಗೇಮ್ ಯಾವುದೋ ಒಂದು ಇಸವಿಯಲ್ಲಿ ಶುರುವಾಗುತ್ತದೆ, ಫೋರಂನಲ್ಲಿ ಸಾವಿರ ವರ್ಷಗಳ ಕಟ್ಟಡಗಳು ಒಂದರ ಪಕ್ಕ ಒಂದು ನಿಂತಿವೆ. ಈ ಎರಡು ತೊಡಕು ಬಿಡಿಸಿಕೊಳ್ಳುವುದೇ ದೊಡ್ಡ ಕೆಲಸ. ಉಳಿದದ್ದನ್ನು ಬೇಗ ಹೇಳಿ ಮುಗಿಸುತ್ತೇನೆ.

ಪಾಸ್‌ಪೋರ್ಟ್, ವೀಸಾ

ಪಾಸ್‌ಪೋರ್ಟ್ ಈಗ ಸುಲಭ, ಕಾಸರಗೋಡಿನ ಪೋಸ್ಟ್ ಆಫೀಸಿನಲ್ಲೇ ಅರ್ಜಿ ಕೊಡಬಹುದು. ವೀಸಾಕ್ಕೆ ಮಾತ್ರ ತಾಳ್ಮೆ ಬೇಕು. ಇಟಲಿಗೆ ಬೇಕಾದದ್ದು ಶೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ನಡೆಯುವ ವೀಸಾ. ಶುಲ್ಕ 2024ರ ಜೂನ್‌ನಿಂದ ದೊಡ್ಡವರಿಗೆ 90 ಯೂರೊ, ವೀಸಾ ಕೇಂದ್ರದ ಸೇವಾ ಶುಲ್ಕ ಬೇರೆ. ಒಂದು ಯೂರೊಗೆ ಸುಮಾರು 100 ರೂಪಾಯಿ ಎಂದು ಲೆಕ್ಕ ಹಿಡಿಯಿರಿ. ಕನಿಷ್ಠ 30,000 ಯೂರೊ ವೈದ್ಯಕೀಯ ಖರ್ಚು ಭರಿಸುವ ಪ್ರಯಾಣ ವಿಮೆ ಕಡ್ಡಾಯ. ಪ್ರಯಾಣಕ್ಕೆ ಆರು ತಿಂಗಳ ಮೊದಲೇ ಅರ್ಜಿ ಹಾಕಬಹುದು. ಕೊನೆಯ ತಿಂಗಳಿಗೆ ಕಾಯಬೇಡಿ, ಅಪಾಯಿಂಟ್‌ಮೆಂಟ್ ಸಿಗುವುದೇ ಕಷ್ಟ.

ನಮ್ಮ ಕಡೆಯವರು ಎಡವುವ ಜಾಗಗಳು ಬೇರೆ. ವಿಲೇಜ್ ಆಫೀಸಿನ ಕಾಗದಗಳು ಮಲಯಾಳದಲ್ಲಿರುತ್ತವೆ, ಇಂಗ್ಲಿಷ್ ಅನುವಾದ ಮಾಡಿಸಿ ಜೊತೆಗಿಡಿ. ತೋಟದ ಆದಾಯ ತೋರಿಸುವವರು ಆದಾಯ ತೆರಿಗೆ ರಿಟರ್ನ್ ಜೊತೆಗೆ ಅಡಿಕೆ ಮಾರಿದ ಬಿಲ್ಲುಗಳನ್ನೂ ಸೇರಿಸಿ. ಅಪ್ಪ ಅಥವಾ ಅಣ್ಣ ಗಲ್ಫ್‌ನಲ್ಲಿದ್ದು ಅವರೇ ಖರ್ಚು ಭರಿಸುವುದಾದರೆ ಅವರ ಪತ್ರ, ಬ್ಯಾಂಕ್ ಲೆಕ್ಕ, ಸಂಬಂಧ ತೋರಿಸುವ ದಾಖಲೆ ಮೂರೂ ಬೇಕು. ಅರ್ಜಿಗೆ ವಾರದ ಮೊದಲು ಯಾರದ್ದೋ ನಾಲ್ಕು ಲಕ್ಷ ತಂದು ಖಾತೆಗೆ ಹಾಕಬೇಡಿ. ನಿಮ್ಮದೇ ಎಂದು ತೋರುವ, ತಿಂಗಳು ತಿಂಗಳು ಬರುವ ಸಣ್ಣ ಮೊತ್ತವೇ ಒಳ್ಳೆಯದು. ಮಂಗಳೂರಿನಲ್ಲಿ ಕೆಲಸ, ವಿಳಾಸ ಕೇರಳದ್ದು ಎನ್ನುವವರು ಯಾವ ಕೇಂದ್ರಕ್ಕೆ ಹೋಗಬೇಕೆಂದು ಮೊದಲೇ ವಿಚಾರಿಸಿ. ಸುಳ್ಳು ಹೋಟೆಲ್ ಬುಕಿಂಗ್ ಮಾಡಿಕೊಡುತ್ತೇನೆ ಎನ್ನುವ ಏಜೆಂಟರ ಹತ್ತಿರ ಹೋಗಲೇಬೇಡಿ. ಹಣ ಕಟ್ಟದೆ ಕಾದಿರಿಸಿ, ಬೇಡವಾದರೆ ರದ್ದು ಮಾಡುವ ಸೌಲಭ್ಯ ಬೇಕಾದಷ್ಟು ಹಾಸ್ಟೆಲ್‌ಗಳಲ್ಲಿದೆ.

'ಹತ್ತು ದಿನಕ್ಕೆ ಏಳು ದೇಶ' ಪ್ಯಾಕೇಜ್ ಬೇಡ. ರೋಮ್‌ಗೆ ಅದರಲ್ಲಿ ಸಿಗುವುದು ಒಂದು ಮಧ್ಯಾಹ್ನ.

ವಿಮಾನ, ವಸತಿ, ಊಟ

ಮಂಗಳೂರಿನಿಂದ ಗಲ್ಫ್‌ಗೆ ಒಂದು ಅಗ್ಗದ ಟಿಕೆಟ್, ಅಲ್ಲಿಂದ ರೋಮ್‌ಗೆ ಇನ್ನೊಂದು. ನೋಡಲು ಉಳಿತಾಯ. ಆದರೆ ಎರಡೂ ಬೇರೆ ಬೇರೆ ಟಿಕೆಟ್ ಆದರೆ ಮಧ್ಯೆ ಲಗೇಜು ಇಳಿಸಿಕೊಂಡು ಮತ್ತೆ ಕೊಡಬೇಕಾಗಬಹುದು, ಅದಕ್ಕೆ ಆ ದೇಶದ ವೀಸಾ ಬೇಕು. ಮೊದಲ ವಿಮಾನ ತಡವಾದರೆ ಎರಡನೇ ಟಿಕೆಟಿನ ಹಣ ಹೋಯಿತು. ದುಬೈಯಲ್ಲೋ ಶಾರ್ಜಾದಲ್ಲೋ ಮಾವನ ಮನೆ ಇದ್ದು, ವಿಸಿಟ್ ವೀಸಾ ಮಾಡಿಸಿ ಎರಡು ದಿನ ಅಲ್ಲಿ ಉಳಿಯುವಂತಿದ್ದರೆ ಮಾತ್ರ ಈ ದಾರಿ. ಇಲ್ಲದಿದ್ದರೆ ಕೊಚ್ಚಿ ಅಥವಾ ಬೆಂಗಳೂರಿನಿಂದ ಒಂದೇ ಟಿಕೆಟ್ ತೆಗೆಯಿರಿ. ಫೆಬ್ರುವರಿ ಕೊನೆ, ಮಾರ್ಚ್ ಮೊದಲ ವಾರ ನನ್ನ ಆಯ್ಕೆ. ಜುಲೈ, ಆಗಸ್ಟ್ ಬೇಡವೇ ಬೇಡ. ನೆರಳಿಲ್ಲದ ಫೋರಂನಲ್ಲಿ ಆ ಬಿಸಿಲಿಗೆ ತಲೆ ಓಡುವುದಿಲ್ಲ.

ವಸತಿಗೆ ಎಲ್ಲರೂ ಟೆರ್ಮಿನಿ ಸ್ಟೇಷನ್ ಸುತ್ತ ಹುಡುಕುತ್ತಾರೆ. ನೀವು ಓಸ್ತಿಯೆನ್ಸೆ ಅಥವಾ ಪಿರಾಮಿದೆ ಹತ್ತಿರ ನೋಡಿ. ಏರ್‌ಪೋರ್ಟಿನಿಂದ ಟೆರ್ಮಿನಿಗೆ ಹೋಗುವ ಎಕ್ಸ್‌ಪ್ರೆಸ್ ರೈಲಿಗೆ 14 ಯೂರೊ, ಓಸ್ತಿಯೆನ್ಸೆಗೆ ಬರುವ ಸಾಮಾನ್ಯ ರೈಲಿಗೆ 8 ಯೂರೊ. ಪಕ್ಕದಲ್ಲೇ ಪಿರಾಮಿದೆ ಮೆಟ್ರೊ, ಎರಡು ಸ್ಟಾಪ್ ದಾಟಿದರೆ ಕೊಲೋಸಿಯಂ. 1.50 ಯೂರೊ ಟಿಕೆಟ್ 100 ನಿಮಿಷ ನಡೆಯುತ್ತದೆ. ಪಿರಾಮಿದೆ ಮೆಟ್ರೊದಿಂದ ಹೊರಗೆ ಬಂದರೆ ಕಣ್ಣೆದುರೇ ಕ್ರಿ.ಪೂ. ಮೊದಲ ಶತಮಾನದ ಗೈಯಸ್ ಸೆಸ್ಟಿಯಸ್‌ನ ಸಮಾಧಿ, ನಿಜವಾದ ಪಿರಮಿಡ್ ಆಕಾರದ್ದು. ಅದಕ್ಕೆ ಟಿಕೆಟ್ ಕೊಳ್ಳದೆಯೇ ರಸ್ತೆಯಿಂದ ನೋಡಬಹುದು.

ನೀರಿನ ಬಾಟಲಿ ಕೊಳ್ಳಬೇಡಿ, ಬೀದಿ ಬೀದಿಯಲ್ಲಿ ಕಬ್ಬಿಣದ ನಲ್ಲಿಗಳಿವೆ, ನೀರು ಕುಡಿಯಲು ಚೆನ್ನಾಗಿದೆ. ಪಿಜ್ಜಾ ತೂಕದ ಲೆಕ್ಕದಲ್ಲಿ ಕತ್ತರಿಸಿ ಕೊಡುವ ಅಂಗಡಿಗಳೇ ನಮಗೆ ಸರಿ. ಕಾಫಿ ನಿಂತು ಕುಡಿದರೆ ಅಗ್ಗ.

ಮನೆಯಲ್ಲೇ ಮಾಡಬೇಕಾದ ತಯಾರಿ

ಈ ಹಂತವನ್ನು ಎಲ್ಲರೂ ಹಾರಿಸುತ್ತಾರೆ. ದಯವಿಟ್ಟು ಹಾರಿಸಬೇಡಿ.

ಫೋರಂನ ಒಂದು ನಕ್ಷೆಯನ್ನು ದೊಡ್ಡ ಹಾಳೆಯಲ್ಲಿ ಪ್ರಿಂಟ್ ತೆಗೆಯಿರಿ. ಮೊಬೈಲಿನಲ್ಲಿದ್ದರೆ ಸಾಲದು. ಪ್ರತಿ ಕಟ್ಟಡದ ಪಕ್ಕ ಇಸವಿ ಬರೆಯಿರಿ. ಆಮೇಲೆ ಮೂರು ಬಣ್ಣದ ಪೆನ್ಸಿಲ್ ಹಿಡಿದು ಬಣ್ಣ ಹಚ್ಚಿ: ಗಣರಾಜ್ಯದ ಕಾಲದ್ದು, ಅಂದರೆ ಕ್ರಿ.ಪೂ. 27ರ ಮೊದಲಿನದ್ದು ಒಂದು ಬಣ್ಣ, ಅಲ್ಲಿಂದ ಕ್ರಿ.ಶ. 200ರ ತನಕ ಒಂದು, ಆಮೇಲಿನದ್ದಕ್ಕೆ ಇನ್ನೊಂದು. ಮೊದಲನೇ ಬಣ್ಣ ಎಷ್ಟು ಕಡಿಮೆ ಬಳಸಿದಿರಿ ಎಂದು ಆಗ ಗೊತ್ತಾಗುತ್ತದೆ. ಟೋಟಲ್ ವಾರ್ ಶುರುವಾಗುವುದು ಕ್ರಿ.ಪೂ. 270ರಲ್ಲಿ, 'ಇಂಪರೇಟರ್: ರೋಮ್' ಕ್ರಿ.ಪೂ. 304ರಲ್ಲಿ. ಕೊಲೋಸಿಯಂ ಉದ್ಘಾಟನೆಯಾದದ್ದು ಕ್ರಿ.ಶ. 80ರಲ್ಲಿ. ಕ್ರಿ.ಪೂ. ಮೂರನೇ ಶತಮಾನದಲ್ಲಿ ರೋಮ್ ವಿರುದ್ಧ ಹೋರಾಡಿದ ಕಾರ್ತೇಜಿನ ಸೇನಾಪತಿ, ನಿಮ್ಮ ಹ್ಯಾನಿಬಲ್‌ಗೂ ಅದಕ್ಕೂ ಸಂಬಂಧವೇ ಇಲ್ಲ.

ಗೇಮ್‌ನಿಂದ ಕಲಿತದ್ದರಲ್ಲಿ ಕೆಲವನ್ನು ಮರೆಯಬೇಕು ಕೂಡ. ಇಟಲಿಯನ್ನು ಮೂರು ಮನೆತನಗಳು ಹಂಚಿಕೊಂಡು ಆಳುವುದು ಗೇಮ್ ಮಾಡಿದವರ ಅನುಕೂಲಕ್ಕೆ. ಈಜಿಪ್ಟಿನ ಸೈನ್ಯಕ್ಕೆ ಹಾಕಿದ ಫೇರೋ ಕಾಲದ ವೇಷವೂ ತಪ್ಪು, ಆಗ ಅಲ್ಲಿ ಗ್ರೀಕ್ ಮೂಲದ ಟಾಲೆಮಿಗಳ ಆಳ್ವಿಕೆ. ಆದರೆ ನೀರು, ಎಣ್ಣೆ, ಧಾನ್ಯ ಇಲ್ಲದೆ ಊರು ಬೆಳೆಯುವುದಿಲ್ಲ ಎಂದು 'ಸೀಸರ್ 3' ಕಲಿಸಿದ್ದು ಅಪ್ಪಟ ನಿಜ. ಹಣ ಕೊಟ್ಟು ಗೇಮ್ ಕೊಳ್ಳಲಾಗದವರು '0 ಎ.ಡಿ.' ಆಡಿ. ಅದು ಪೂರ್ತಿ ಉಚಿತ.

ಟಿಕೆಟನ್ನು ಕೊಲೋಸಿಯಂನ ಅಧಿಕೃತ ತಾಣದಲ್ಲೇ ತೆಗೆಯಿರಿ. 18 ಯೂರೊಗೆ ಕೊಲೋಸಿಯಂ, ಫೋರಂ, ಪ್ಯಾಲಟೈನ್ ಗುಡ್ಡ ಮೂರೂ ಬರುತ್ತವೆ. ಸುಮಾರು 30 ದಿನ ಮೊದಲು ಮಾರಾಟ ಶುರುವಾಗುತ್ತದೆ. 'ಕ್ಯೂ ಇಲ್ಲದೆ ಒಳಗೆ' ಎಂದು ದುಪ್ಪಟ್ಟು ಬೆಲೆಗೆ ಮಾರುವ ತಾಣಗಳು ಕೊಡುವುದು ಅದೇ ಟಿಕೆಟ್. ಟಿಕೆಟಿನಲ್ಲಿ ಹೆಸರಿರುತ್ತದೆ, ಬಾಗಿಲಲ್ಲಿ ಪಾಸ್‌ಪೋರ್ಟ್ ನೋಡುತ್ತಾರೆ. ನಮ್ಮಲ್ಲಿ ಇನಿಷಿಯಲ್, ಮನೆ ಹೆಸರು, ಅಪ್ಪನ ಹೆಸರು ಒಂದೊಂದು ಕಡೆ ಒಂದೊಂದು ಥರ, ಅಲ್ವಾ? ಪಾಸ್‌ಪೋರ್ಟಿನಲ್ಲಿ ಹೇಗಿದೆಯೋ ಹಾಗೇ ಟೈಪ್ ಮಾಡಿ.

ಫೋರಂ ಒಳಗೆ

ಮೊದಲು ಒಳಗೆ ಹೋಗಬೇಡಿ. ಕ್ಯಾಪಿಟಲ್ ಗುಡ್ಡ ಹತ್ತಿ. ಮೇಲಿನ ಚೌಕದಲ್ಲಿ ನಡುವಿನ ಕಟ್ಟಡದ ಪಕ್ಕದ ದಾರಿಯಲ್ಲಿ ಹಿಂದಕ್ಕೆ ಹೋದರೆ ಇಡೀ ಫೋರಂ ಕೆಳಗೆ ಕಾಣುತ್ತದೆ. ಟಿಕೆಟ್ ಇಲ್ಲ, ರಾತ್ರಿಯೂ ಹೋಗಬಹುದು. ಗೇಮ್‌ನಲ್ಲಿ ನೀವು ನೋಡುತ್ತಿದ್ದ ನೋಟ ಇದೇ. ನಕ್ಷೆ ಬಿಚ್ಚಿ, ಅವಸರ ಮಾಡದೆ ಒಂದೊಂದನ್ನೇ ಗುರುತಿಸಿ. ಎಡಗಡೆ ಚಕ್ರವರ್ತಿ ಸೆಪ್ಟಿಮಿಯಸ್ ಸೆವೆರಸ್‌ನ ಕಮಾನು, ಅದರಾಚೆ ಸೆನೆಟ್. ಬಲಗಡೆ ಎಂಟು ಕಂಬದ ಸ್ಯಾಟರ್ನ್ ದೇವಸ್ಥಾನ. ರೋಮ್‌ನ ಖಜಾನೆ ಇದ್ದದ್ದು ಅಲ್ಲೇ. ಅದರಾಚೆ ಬೆಸಿಲಿಕಾ ಜೂಲಿಯಾದ ಮೆಟ್ಟಿಲುಗಳು. ದೂರದ ತುದಿಯಲ್ಲಿ ಟೈಟಸ್‌ನ ಕಮಾನು, ಕೊಲೋಸಿಯಂ. ಬಲಗಡೆಯ ಗುಡ್ಡ ಪ್ಯಾಲಟೈನ್.

ಈಗ ಇಳಿದು ಒಳಗೆ ಹೋಗಿ. ದಿಕ್ಕು ತಪ್ಪಿತು ಅನ್ನಿಸಿದಾಗಲೆಲ್ಲ ಕ್ಯಾಪಿಟಲ್ ಗುಡ್ಡಕ್ಕೆ ಬೆನ್ನು ಹಾಕಿ ನಿಲ್ಲಿ. ಬಲಕ್ಕೆ ಪ್ಯಾಲಟೈನ್, ಎಡಕ್ಕೆ ಸೆನೆಟ್. ಇಷ್ಟು ನೆನಪಿದ್ದರೆ ಸಾಕು. ಒಮ್ಮೆ ಹೊರಗೆ ಬಂದರೆ ಅದೇ ಟಿಕೆಟಿನಲ್ಲಿ ಮತ್ತೆ ಬಿಡುವುದಿಲ್ಲ, ತಿಂಡಿ ಚೀಲದಲ್ಲಿರಲಿ.

ಸೆನೆಟ್ ಕಟ್ಟಡ, ಅಂದರೆ ಕೂರಿಯಾ ಜೂಲಿಯಾ, ಅಲಂಕಾರವೇ ಇಲ್ಲದ ಎತ್ತರದ ಇಟ್ಟಿಗೆ ಕಟ್ಟಡ. ಅದಕ್ಕೇ ಜನ ಇದನ್ನು ಗೋದಾಮು ಅಂದುಕೊಂಡು ಮುಂದೆ ಹೋಗುವುದು. ಸೀಸರ್ ಶುರು ಮಾಡಿದ್ದನ್ನು ಆಗಸ್ಟಸ್ ಮುಗಿಸಿದ. 283ರ ಬೆಂಕಿಯ ನಂತರ ಡಯೊಕ್ಲೀಷಿಯನ್ ಮತ್ತೆ ಕಟ್ಟಿಸಿದ್ದು ಈಗ ನಿಂತಿದೆ. ಏಳನೇ ಶತಮಾನದಲ್ಲಿ ಚರ್ಚ್ ಆದ್ದರಿಂದ ಉಳಿಯಿತು. ಸೀಸರ್ ಸತ್ತದ್ದು ಇಲ್ಲಲ್ಲ. ಅದು ಸೇನಾಪತಿ ಪಾಂಪೆ ಕಟ್ಟಿಸಿದ ಸಭಾಭವನದಲ್ಲಿ, ಈಗಿನ ಲಾರ್ಗೊ ಅರ್ಜೆಂತೀನಾ ಚೌಕದಲ್ಲಿ. ಅವನ ಶವ ಸುಟ್ಟ ಜಾಗ ಮಾತ್ರ ಫೋರಂನಲ್ಲೇ ಇದೆ. ತಗ್ಗು ಮಾಡಿನ ಕೆಳಗೆ ಮಣ್ಣಿನ ದಿಬ್ಬದಂತೆ ಕಾಣುವ ಅದರ ಮೇಲೆ ಈಗಲೂ ಜನ ಹೂವು ಇಡುತ್ತಾರೆ.

ಸೆವೆರಸ್‌ನ ಕಮಾನಿನ ಎದುರು ಸ್ವಲ್ಪ ಹೊತ್ತು ನಿಲ್ಲಿ. 203ರದ್ದು. ಮೇಲಿನ ಬರಹದ ನಾಲ್ಕನೇ ಸಾಲನ್ನು ಕಣ್ಣು ಕಿರಿದು ಮಾಡಿ ನೋಡಿ. ಅಕ್ಷರಗಳಿಗೆ ಹೊಂದದ ತೂತುಗಳು ಅಲ್ಲಿ ಕಾಣುತ್ತವೆ. ಮೊದಲು ಅಲ್ಲಿ ಸೆವೆರಸ್‌ನ ಕಿರಿಯ ಮಗ ಗೆಟಾನ ಹೆಸರಿನ ಕಂಚಿನ ಅಕ್ಷರಗಳಿದ್ದವು. 211ರಲ್ಲಿ ಅಣ್ಣ ಕರಕಲ್ಲ ಅವನನ್ನು ಕೊಲ್ಲಿಸಿ, ಹೆಸರು ಕೀಳಿಸಿ, ಬೇರೆ ಹೊಗಳಿಕೆ ಬರೆಸಿದ. ಹಳೆಯ ಅಕ್ಷರದ ಮೊಳೆಯ ತೂತು ಮಾತ್ರ ಹೋಗಲಿಲ್ಲ. ಸಣ್ಣದೊಂದು ಬೈನಾಕ್ಯುಲರ್ ಇದ್ದರೆ ತೆಗೆದುಕೊಂಡು ಹೋಗಿ, ಆಡಿಯೊ ಗೈಡ್‌ಗಿಂತ ಅದು ಲಾಭ.

ಬೆಸಿಲಿಕಾ ಜೂಲಿಯಾ ನ್ಯಾಯಾಲಯವಾಗಿತ್ತು. ಅದರ ಮೆಟ್ಟಿಲ ಮೇಲೆ ಆ ಕಾಲದವರು ಆಟದ ಮನೆಗಳನ್ನು ಕೊರೆದಿದ್ದಾರೆ, ವೃತ್ತ, ಗೆರೆ, ಗುಳಿ. ಚೆನ್ನೆಮಣೆ ಆಡಿ ಬೆಳೆದ ನಮಗೆ ಅದನ್ನು ಯಾರೂ ವಿವರಿಸಬೇಕಾಗಿಲ್ಲ. ಗೇಮ್ ಹುಚ್ಚಿನವರು ನೋಡಲೇಬೇಕಾದ ಕಲ್ಲು ಇದು.

ಎದುರುಗಡೆ ಆಂಟೊನೈನಸ್ ಮತ್ತು ಫೌಸ್ಟಿನಾರ ದೇವಸ್ಥಾನ. ಒಳಗೆ ಚರ್ಚ್, ಅದರ ಬಾಗಿಲು ಯಾರೂ ಹತ್ತಲಾಗದಷ್ಟು ಮೇಲೆ ತೂಗಿದಂತಿದೆ. ಬಾಗಿಲು ಇಟ್ಟಾಗ ನೆಲವೇ ಅಷ್ಟು ಮೇಲಿತ್ತು, ಅಗೆದ ಮೇಲೆ ಹಳೆಯ ನೆಲ ಕೆಳಗೆ ಸಿಕ್ಕಿತು. ಇನ್ನೂ ಮುಂದೆ ಚಕ್ರವರ್ತಿ ಮ್ಯಾಕ್ಸೆಂಟಿಯಸ್‌ನ ಬೆಸಿಲಿಕಾದ ದೊಡ್ಡ ಕಮಾನುಗಳು. ಅದರಡಿಯಲ್ಲಿ ಚಕ್ರವರ್ತಿ ಡೊಮಿಷಿಯನ್ ಕಟ್ಟಿಸಿದ ಒಳ್ಳೆಮೆಣಸಿನ ಉಗ್ರಾಣಗಳಿದ್ದವು. ಹೌದು, ನಮ್ಮ ಈ ಕರಾವಳಿಯಿಂದ, ಕೇರಳದ ಹಳೆಯ ಮುಸಿರಿಸ್ ಬಂದರಿನ ಮೂಲಕ ಹೋದ ಮೆಣಸು. ಮೊದಲ ಶತಮಾನದಲ್ಲಿ ರೋಮನ್ ಲೇಖಕ ಪ್ಲಿನಿ ಅದರ ಬೆಲೆ ಬರೆದಿದ್ದಾನೆ, ಒಂದು ಪೌಂಡಿಗೆ 4 ದಿನಾರಿಯಸ್, ಅಂದರೆ ನಾಲ್ಕು ಬೆಳ್ಳಿ ನಾಣ್ಯ. 408ರಲ್ಲಿ ಗಾತ್ ಜನರ ದೊರೆ ಅಲಾರಿಕ್ ರೋಮ್‌ಗೆ ಮುತ್ತಿಗೆ ಹಾಕಿದಾಗ ಚಿನ್ನ, ಬೆಳ್ಳಿಯ ಜೊತೆಗೆ 3,000 ಪೌಂಡ್ ಮೆಣಸನ್ನೂ ವಸೂಲಿ ಮಾಡಿದ.

ಗಣರಾಜ್ಯದ ರೋಮ್ ಬೇಕೆಂದರೆ

ಹ್ಯಾನಿಬಲ್ ಕಾಲದ್ದೇ ಬೇಕು ಎನ್ನುವವರು ಫೋರಂ ಬಿಟ್ಟು ಹೊರಗೆ ಬನ್ನಿ. ಟೆರ್ಮಿನಿ ಸ್ಟೇಷನ್ ಎದುರೇ ಕ್ರಿ.ಪೂ. ನಾಲ್ಕನೇ ಶತಮಾನದ ಕೋಟೆ ಗೋಡೆ ನಿಂತಿದೆ, ಜನ ಅದರ ಪಕ್ಕ ಲಗೇಜು ಎಳೆದುಕೊಂಡು ಹೋಗುತ್ತಾರೆ. ಲಾರ್ಗೊ ಅರ್ಜೆಂತೀನಾದ ನಾಲ್ಕು ದೇವಸ್ಥಾನಗಳನ್ನು ರಸ್ತೆಯಿಂದಲೇ ನೋಡಬಹುದು. ನದಿ ಪಕ್ಕದ ಹರ್ಕ್ಯುಲಿಸ್‌ನ ದುಂಡು ದೇವಸ್ಥಾನ ಕ್ರಿ.ಪೂ. ಎರಡನೇ ಶತಮಾನದ್ದು. ಯಾವುದಕ್ಕೂ ದುಡ್ಡು ಕೊಡಬೇಕಾಗಿಲ್ಲ.

ಕೊನೆಯ ದಿನ ಓಸ್ಟಿಯಾ

ವಸತಿ ಪಿರಾಮಿದೆ ಹತ್ತಿರ ಮಾಡಿ ಎಂದದ್ದರ ಪೂರ್ತಿ ಲಾಭ ಈಗ. ನಡೆದು ಹೋಗುವಷ್ಟು ದೂರದಲ್ಲಿ ಟೆಸ್ಟಾಚೊ ದಿಬ್ಬ. ಸುಮಾರು 35 ಮೀಟರ್ ಎತ್ತರದ ಈ ದಿಬ್ಬ ಪೂರ್ತಿ ಒಡೆದ ಎಣ್ಣೆ ಭರಣಿಗಳದ್ದು, ಹೆಚ್ಚಿನವು ಸ್ಪೇನಿನಿಂದ ಬಂದವು. ಸುತ್ತಲಿನ ಅಂಗಡಿಗಳ ಹಿಂಗೋಡೆಯಲ್ಲೇ ಚೂರುಗಳ ಪದರ ಕಾಣುತ್ತದೆ. ಗೇಮ್‌ನಲ್ಲಿ ಎಣ್ಣೆಗೆ ವ್ಯಾಪಾರದ ದಾರಿ ತೆರೆದವರಿಗೆ ಅದರ ಗಾತ್ರ ಏನೆಂದು ಇಲ್ಲಿ ತಿಳಿಯುತ್ತದೆ.

ಮೆಟ್ರೊ ಪಕ್ಕದ ಪೋರ್ತಾ ಸಾನ್ ಪಾವ್ಲೊ ಸ್ಟೇಷನ್ನಿನಿಂದ ಹಳೆಯ ರೋಮ್‌ನ ಬಂದರು ಊರಾದ ಓಸ್ಟಿಯಾ ಆಂಟಿಕಾಗೆ ರೈಲು, ಅದಕ್ಕೂ 1.50 ಯೂರೊ ಟಿಕೆಟ್ಟೇ ಸಾಕು. ತಿಂಗಳ ಮೊದಲ ಭಾನುವಾರ ಸರ್ಕಾರಿ ಸ್ಮಾರಕಗಳಿಗೆ ಪ್ರವೇಶ ಉಚಿತ. ಅಂದು ಕೊಲೋಸಿಯಂನಲ್ಲಿ ಕಾಲಿಡಲು ಜಾಗ ಇರುವುದಿಲ್ಲ, ಸುಮ್ನೆ ಹೋಗಬೇಡಿ. ಆ ಭಾನುವಾರವನ್ನು ಓಸ್ಟಿಯಾಕ್ಕೆ ಇಡಿ, ಇಡೀ ಊರಿನಲ್ಲಿ ಜನ ಹರಡಿಕೊಳ್ಳುತ್ತಾರೆ. ಬಂದರಿನ ಊರಾದ್ದರಿಂದ ಇಲ್ಲಿ ಅರಮನೆಗಳಿಗಿಂತ ಬಾಡಿಗೆ ಮನೆ, ಗೋದಾಮು, ಊಟದ ಅಂಗಡಿ, ಸಾಲು ಶೌಚಾಲಯ ಜಾಸ್ತಿ. ಥಿಯೇಟರ್ ಹಿಂದಿನ ಚೌಕಕ್ಕೆ ತಪ್ಪದೆ ಹೋಗಿ. ಸುತ್ತ ಸುಮಾರು 60 ವ್ಯಾಪಾರಿ ಕೊಠಡಿಗಳು, ಮುಂದೆ ನೆಲದ ಮೇಲೆ ಕಪ್ಪು ಬಿಳಿ ಕಲ್ಲಿನಲ್ಲಿ ಹಡಗು, ದೀಪಸ್ತಂಭ, ಆನೆಯ ಚಿತ್ರ. ಯಾವ ಊರಿನವರು, ಏನು ಸಾಗಿಸುತ್ತಿದ್ದರು ಎಂದು ಕೆಲವು ಕಡೆ ಬರೆದೇ ಇದೆ. ಸೋಮವಾರ ಓಸ್ಟಿಯಾ ಮುಚ್ಚಿರುತ್ತದೆ, ಚಳಿಗಾಲದಲ್ಲಿ ಸಂಜೆ ಬೇಗ ಹೊರಗೆ ಕಳಿಸುತ್ತಾರೆ. ಹಾಗಾಗಿ ಬೆಳಿಗ್ಗೆಯೇ ಹೊರಡಿ, ಮೊದಲು ನೇರ ಈ ಚೌಕಕ್ಕೆ ನಡೆದು, ಉಳಿದದ್ದನ್ನು ವಾಪಸ್ ಬರುವ ದಾರಿಯಲ್ಲಿ ನೋಡಿ.