ಪಿಸಿಓಎಸ್ ಇದೆಯೇ? ಮುಟ್ಟಿನ ಜೊತೆಗೆ ಸಕ್ಕರೆಯ ಲೆಕ್ಕವನ್ನೂ ಇಡಿ

‘ಮದುವೆಯಾದರೆ ಎಲ್ಲ ಸರಿಹೋಗುತ್ತೆ ಬಿಡು’ ಎಂಬ ಮಾತನ್ನು ಪಿಸಿಓಎಸ್ (ಹಾರ್ಮೋನುಗಳ ಏರುಪೇರಿನಿಂದ ಅಂಡ ಸರಿಯಾಗಿ ಬಿಡುಗಡೆಯಾಗದೆ ಮುಟ್ಟು ಏರುಪೇರಾಗುವ ತೊಂದರೆ) ಇರುವ ಹುಡುಗಿಯರು ಕೇಳುತ್ತಲೇ ಇರುತ್ತಾರೆ. ಸರಿಹೋಗುವುದಿಲ್ಲ. ಮಕ್ಕಳಾದ ಮೇಲೂ ಇದು ಜೊತೆಗೇ ಇರುತ್ತದೆ. ಮುಂದೆ ಸಕ್ಕರೆ ಕಾಯಿಲೆ, ಬಿಪಿ, ಗರ್ಭಕೋಶದ ಒಳಪದರದ ಕ್ಯಾನ್ಸರ್ ಬರುವ ಸಾಧ್ಯತೆಯನ್ನೂ ಹೆಚ್ಚಿಸುತ್ತದೆ. ಹಾಗೆಂದು ಹೆದರಿ ಕೂರಬೇಕಿಲ್ಲ, ಹೀಗೆ ಮಾಡಿ.

ಮೊದಲು, ಮುಟ್ಟಾದ ತಾರೀಖನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕಿ. ಅಂಡ ಬಿಡುಗಡೆಯಾಗದ ತಿಂಗಳಲ್ಲಿ ಪ್ರೊಜೆಸ್ಟರಾನ್ ಎಂಬ ಹಾರ್ಮೋನು ಸಾಕಷ್ಟು ತಯಾರಾಗುವುದಿಲ್ಲ. ಈಸ್ಟ್ರೊಜೆನ್ ಎಂಬ ಇನ್ನೊಂದು ಹಾರ್ಮೋನು ಒಂದೇ ಕೆಲಸ ಮಾಡುತ್ತಾ ಗರ್ಭಕೋಶದ ಒಳಪದರವನ್ನು ದಪ್ಪಗಾಗಿಸುತ್ತದೆ. ವರ್ಷಗಟ್ಟಲೆ ಹೀಗೇ ನಡೆದರೆ ಅಪಾಯ. 90 ದಿನ ಕಳೆದರೂ ಮುಟ್ಟಾಗದಿದ್ದರೆ, ಬಸುರಿಯಲ್ಲ ಎಂದು ಖಚಿತಪಡಿಸಿಕೊಂಡು ವೈದ್ಯರನ್ನು ಕಾಣಿ. ಮುಟ್ಟು ತರಿಸಲು ಅವರು ಕೊಡುವ ಮಾತ್ರೆ ಈ ಪದರವನ್ನು ಕಾಯುತ್ತದೆ. ‘ಮಗು ಬೇಡದಿದ್ದರೆ ಮಾತ್ರೆ ಯಾಕೆ’ ಎಂದು ಬಿಡಬೇಡಿ.

ಆಮೇಲೆ ಸಕ್ಕರೆ. ಖಾಲಿ ಹೊಟ್ಟೆಯ ರಕ್ತಪರೀಕ್ಷೆ ನಾರ್ಮಲ್ ಬಂದರೂ ಅಷ್ಟಕ್ಕೇ ನಿಲ್ಲಿಸಬೇಡಿ, ಆರಂಭದ ತೊಂದರೆ ಅದರಲ್ಲಿ ಕಾಣದಿರಬಹುದು. ಓಜಿಟಿಟಿ (ಗ್ಲೂಕೋಸ್ ಕುಡಿಸಿ ಮಾಡುವ ಸಕ್ಕರೆ ಪರೀಕ್ಷೆ) ಮಾಡಿಸುವುದು ಒಳ್ಳೆಯದು. ರಾತ್ರಿ ಊಟವಾಗಿ ಕನಿಷ್ಠ 8 ಗಂಟೆ ಏನೂ ತಿನ್ನದೆ ಹೋಗಿ; ಹಿಂದಿನ ಮೂರು ದಿನ ಪಥ್ಯ ಮಾಡದೆ ಎಂದಿನ ಊಟವನ್ನೇ ಮಾಡಿ. ಲ್ಯಾಬಿನಲ್ಲಿ 75 ಗ್ರಾಂ ಗ್ಲೂಕೋಸ್ ಕುಡಿಸಿ, ಎರಡು ಗಂಟೆಯ ನಂತರ ರಕ್ತ ತೆಗೆಯುತ್ತಾರೆ. ಆಗ ಸಕ್ಕರೆ 140ರಿಂದ 199 (mg/dL) ಬಂದರೆ ಸಕ್ಕರೆ ಕಾಯಿಲೆಯ ಹೊಸ್ತಿಲು. 200 ಅಥವಾ ಹೆಚ್ಚು ಬಂದರೆ ವೈದ್ಯರು ಇನ್ನೊಮ್ಮೆ ನೋಡಿ ಖಚಿತಪಡಿಸುತ್ತಾರೆ. ವರದಿ ಚೆನ್ನಾಗಿದ್ದರೂ ಒಂದರಿಂದ ಮೂರು ವರ್ಷಕ್ಕೊಮ್ಮೆ ಪರೀಕ್ಷೆ ಬೇಕು. ತೆಳ್ಳಗಿದ್ದೇನೆ ಎಂದು ತಪ್ಪಿಸಬೇಡಿ. ತೆಳ್ಳಗಿರುವವರಲ್ಲೂ ಇನ್ಸುಲಿನ್ ಸರಿಯಾಗಿ ಕೆಲಸ ಮಾಡದಿರಬಹುದು.

ಬಿಪಿಯನ್ನು ವರ್ಷಕ್ಕೊಮ್ಮೆ ನೋಡಿಸಿ, ಲಿಪಿಡ್ ಪ್ರೊಫೈಲ್ (ರಕ್ತದಲ್ಲಿನ ಕೊಬ್ಬಿನ ಪರೀಕ್ಷೆ) ಒಮ್ಮೆ ಮಾಡಿಸಿ. ಸೊಂಟಕ್ಕೆ ಟೇಪು ಹಿಡಿಯಿರಿ: ನಮ್ಮ ಹೆಂಗಸರಿಗೆ 80 ಸೆಂ.ಮೀ. ಮಿತಿ. ತೂಕ ಹೆಚ್ಚಿದ್ದರೆ ನೂರಕ್ಕೆ ಐದರಷ್ಟು ಇಳಿದರೂ ಎಷ್ಟೋ ಜನರಿಗೆ ಮುಟ್ಟು ಹತೋಟಿಗೆ ಬರುತ್ತದೆ. ಅನ್ನ, ಮುದ್ದೆ ಬಿಡಬೇಕಿಲ್ಲ, ಪ್ರಮಾಣ ತಗ್ಗಿಸಿ ಪಲ್ಯ, ಕಾಳು ಹೆಚ್ಚಿಸಿ. ವಾರಕ್ಕೆ 150 ನಿಮಿಷವಾದರೂ ಬಿರುಸಾಗಿ ನಡೆಯಿರಿ.

ಬಸುರಿಯಾದಾಗ ಮೊದಲ ಭೇಟಿಯಲ್ಲೇ ಪಿಸಿಓಎಸ್ ಇದೆಯೆಂದು ಹೇಳಿ. ಸಕ್ಕರೆಯನ್ನು ಆಗಲೇ ಒಮ್ಮೆ, 24ರಿಂದ 28ನೇ ವಾರದೊಳಗೆ ಮತ್ತೊಮ್ಮೆ ಪರೀಕ್ಷಿಸಬೇಕಾಗುತ್ತದೆ.