ಹಸಿರಾಗಿರುವ ಎಲೆ ಎಳೆಯದೇ ಆಗಿರಬೇಕಿಲ್ಲ

ಬೇರೆ ಬೇರೆ ತಳಿಯ ಟೊಮೆಟೊ ಎಲೆಗಳಲ್ಲಿ ಪತ್ರಹರಿತ್ತು ಎಷ್ಟಿದೆ ಅಂತ ಹೋಲಿಸಬೇಕಾದರೆ, ಮೊದಲು ಎಲೆಗಳ ವಯಸ್ಸು ಒಂದೇ ಇರಬೇಕು. ಗಿಡದ ನಡುಭಾಗದಿಂದ ಸುಮ್ನೆ ಒಂದೊಂದು ಎಲೆ ಆರಿಸಿದರೆ ಸಾಲದು. ಗಿಡ್ಡ ತಳಿ ಬೆಳೆಯುವುದನ್ನು ನಿಲ್ಲಿಸಿ ಒಟ್ಟಿಗೇ ಕಾಯಿ ಕಟ್ಟುತ್ತದೆ. ಬಳ್ಳಿಯಂತೆ ಹಬ್ಬುವ ತಳಿ ಹೊಸ ಎಲೆ ಬಿಡುತ್ತಲೇ ಇರುತ್ತದೆ. ಹಾಗಾಗಿ ಎಲೆ ಬಿಚ್ಚಿಕೊಂಡ ದಿನವೇ ಅದರ ತೊಟ್ಟಿಗೆ ಸಡಿಲವಾಗಿ ದಾರ ಕಟ್ಟಿ, ತಾರೀಖು ಬರೆದಿಟ್ಟೆ. ಎಲ್ಲ ಗಿಡಕ್ಕೂ ಗೊಬ್ಬರ ಒಂದೇ ಅಳತೆ. ಸಾರಜನಕ ಕಡಿಮೆಯಾದರೆ ಗಿಡ ತಳದ ಎಲೆಗಳಿಂದಲೇ ಅದನ್ನು ಹಿಂತೆಗೆಯುತ್ತದೆ, ಅವು ಬೇಗ ಹಳದಿಯಾಗುತ್ತವೆ. ಎಲೆಚುಕ್ಕೆ ಬಂದವನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ಗಿಡದ ಮೇಲೇ ಅಳೆಯಲು, ಎಲೆ ಎಷ್ಟು ಹಸಿರಾಗಿದೆ ಅಂತ ಹೇಳುವ ಸ್ಪ್ಯಾಡ್ ಮೀಟರ್ ಬಳಸಿದೆ. 650 ಮತ್ತು 940 ನ್ಯಾನೋಮೀಟರ್ ಬೆಳಕನ್ನು ಎಲೆಯ ಮೂಲಕ ಹಾಯಿಸಿ ಅದು ಒಂದು ಅಂಕಿ ಕೊಡುತ್ತದೆ. ಎಲೆ ಕೀಳಬೇಕಿಲ್ಲ, ಅದೇ ಎಲೆಯನ್ನು ಮತ್ತೆ ಮತ್ತೆ ಅಳೆಯಬಹುದು. ತುದಿಯ ಕಿರುಎಲೆಯನ್ನೇ ಹಿಡಿದು, ನಡುನರ ತಪ್ಪಿಸಿ, ನಾಲ್ಕಾರು ಕಡೆ ಒತ್ತಿ ಸರಾಸರಿ ತೆಗೆಯುತ್ತಿದ್ದೆ. ಆದರೆ ಆ ಅಂಕಿ ಮಿಲಿಗ್ರಾಂ ಅಲ್ಲ. ಎಲೆಯ ದಪ್ಪ ಬದಲಾದರೆ ಅಂಕಿಯೂ ಬದಲಾಗುತ್ತದೆ.

ಅದಕ್ಕೇ ಪ್ರತಿ ತಳಿಯ ಕೆಲವು ಎಲೆಗಳನ್ನು ತೂಗಿ, ಶೇ. 80ರ ಅಸಿಟೋನ್‌ನಲ್ಲಿ ಅರೆದು, ಸೋಸಿ, ಆ ದ್ರಾವಣ 663 ಮತ್ತು 645 ನ್ಯಾನೋಮೀಟರ್ ಬೆಳಕನ್ನು ಎಷ್ಟು ಹೀರುತ್ತದೆ ಅಂತ ಓದಿದೆ. ಲೆಕ್ಕಕ್ಕೆ ಸಸ್ಯವಿಜ್ಞಾನಿ ಆರ್ನನ್ 1949ರಲ್ಲಿ ಕೊಟ್ಟ ಸೂತ್ರ. ಅರೆಯುವಾಗ ಚಿಟಿಕೆ ಕ್ಯಾಲ್ಸಿಯಂ ಕಾರ್ಬೋನೇಟ್ ಹಾಕಲೇಬೇಕು. ಇಲ್ಲದಿದ್ದರೆ ಎಲೆಯದೇ ಹುಳಿ ಪತ್ರಹರಿತ್ತಿನ ನಡುವಿರುವ ಮೆಗ್ನೀಸಿಯಂ ಕಿತ್ತುಹಾಕುತ್ತದೆ, ದ್ರಾವಣ ಕಂದುಗಟ್ಟುತ್ತದೆ. ಎಲೆ ಹಣ್ಣಾಗುವಾಗ ಪತ್ರಹರಿತ್ತನ್ನು ಒಡೆಯಲು ಗಿಡ ಮಾಡುವ ಮೊದಲ ಕೆಲಸಗಳಲ್ಲಿ ಮೆಗ್ನೀಸಿಯಂ ತೆಗೆಯುವುದೂ ಒಂದು.

ಬ್ಲ್ಯಾಕ್ ಕ್ರಿಮ್‌ನಂಥ ಕಪ್ಪು ಟೊಮೆಟೊ ತಳಿಗಳ ಗುಟ್ಟು ಇಲ್ಲೇ ಇದೆ. ಮೆಗ್ನೀಸಿಯಂ ತೆಗೆಯಲು ಬೇಕಾದ ಎಸ್‌ಜಿಆರ್1 ಜೀನ್ ಅವುಗಳಲ್ಲಿ ಸರಿಯಾಗಿ ನಡೆಯುವುದಿಲ್ಲ. ಹಣ್ಣಿನಲ್ಲಿ ಹಸಿರು ಉಳಿಯುತ್ತದೆ, ಅದಕ್ಕೆ ಲೈಕೋಪಿನ್‌ನ ಕೆಂಪು ಸೇರಿ ಕಂದು ಬಣ್ಣ ಬರುತ್ತದೆ. ಎಲೆಯಲ್ಲೂ ಹಾಗೇ. ಕೆಂಪು ತಳಿಯ ಎಲೆ ಅಂಚಿನಿಂದ ಹಳದಿಯಾಗುತ್ತಾ ಬಂದಾಗ, ಅದೇ ವಯಸ್ಸಿನ ಕಪ್ಪು ತಳಿಯ ಎಲೆ ಇನ್ನೂ ಹಸಿರಾಗಿತ್ತು. ಮೀಟರ್ ನೋಡಿದವರು ಇದಕ್ಕೆ ಮುಪ್ಪೇ ಬಂದಿಲ್ಲ ಅನ್ನುತ್ತಾರೆ, ಅಲ್ವಾ? ಮುಟ್ಟಿದರೆ ಎಲೆ ಒರಟು, ತೊಟ್ಟು ಸ್ವಲ್ಪ ಎಳೆದರೂ ಕಳಚುತ್ತಿತ್ತು.

ಹಾಗಾಗಿ ಎಲೆಯ ಜೀವಕೋಶಗಳಿಂದ ಲವಣ ಎಷ್ಟು ಹೊರಗೆ ಸೋರುತ್ತದೆ ಅನ್ನುವುದನ್ನೂ ಅಳೆದೆ. ಎಲೆಯಿಂದ ಒಂದೇ ಗಾತ್ರದ ಬಿಲ್ಲೆ ಕತ್ತರಿಸಿ, ತೊಳೆದು, ಬಟ್ಟಿ ಇಳಿಸಿದ ನೀರಿನಲ್ಲಿ ನೆನೆಹಾಕಿದೆ. ಲವಣ ಸೋರಿದಷ್ಟೂ ನೀರಿನ ವಿದ್ಯುತ್ ವಾಹಕತೆ ಏರುತ್ತದೆ, ಅದನ್ನು ನೋಡಿದೆ. ಆಮೇಲೆ ಬಿಲ್ಲೆ ಸಮೇತ ಕುದಿಸಿ, ಆರಿಸಿ, ಮತ್ತೊಮ್ಮೆ ನೋಡಿದೆ. ಕುದಿಸಿದಾಗ ಎಲ್ಲ ಜೀವಕೋಶವೂ ಒಡೆಯುತ್ತದೆ. ಆ ಪೂರ್ತಿ ಸೋರಿಕೆಯಲ್ಲಿ ಮೊದಲೇ ಸೋರಿದ್ದು ಎಷ್ಟು ಪಾಲು ಅನ್ನುವುದೇ ಉತ್ತರ. ಮುಪ್ಪಾದ ಎಲೆಯಲ್ಲಿ ಈ ಪಾಲು ಜಾಸ್ತಿ. ಹಸಿರಾಗಿದ್ದ ಆ ಕಪ್ಪು ತಳಿಯ ಎಲೆ ಹಳದಿ ಎಲೆಯಷ್ಟೇ ಸೋರುತ್ತಿತ್ತು. ಈಗ ನನ್ನ ಟಿಪ್ಪಣಿಯ ಕಪ್ಪು ತಳಿಗಳ ಪುಟದಲ್ಲಿ ಸೋರಿಕೆಯ ಅಂಕಿ ಇಲ್ಲದೆ ಮುಪ್ಪಿನ ಬಗ್ಗೆ ಏನೂ ಬರೆಯುವುದಿಲ್ಲ.