ಕಲ್ಲುಹೂವಿನ ಎಣ್ಣೆ ಕೊನೆಗೂ ಆಟಿ ದಾಟಿತು

ಕಲ್ಲುಹೂ (ಮರ, ಬಂಡೆಗೆ ಅಂಟಿ ಬೆಳೆಯುವ ಕಲ್ಲುಪಾಚಿ) ಹಾಕಿದ ತಲೆ ಎಣ್ಣೆ ಮಳೆಗಾಲಕ್ಕೆ ನಿಲ್ಲುವುದಿಲ್ಲ ಅಂತ ಉಡುಪಿ ಕಡೆ ನನಗೆ ಪರಿಚಯದ ಎಣ್ಣೆ ಕಾಸುವವರೆಲ್ಲ ಹೇಳುತ್ತಿದ್ದರು. ಈ ಸಲ ನಾನು ಕಾಸಿದ್ದು ಆಟಿ (ತುಳುನಾಡಿನ ಜಡಿಮಳೆಯ ತಿಂಗಳು) ಕಳೆದು ಚೌತಿ ಬಂದರೂ ಕಮಟು ವಾಸನೆ ಬಂದಿಲ್ಲ.

ಮೊದಲು ಎಲ್ಲರ ಹಾಗೆಯೇ ಮಾಡುತ್ತಿದ್ದೆ. ಕಲ್ಕ (ಅರೆದ ಮದ್ದಿನ ಮುದ್ದೆ) 1 ಪಾಲು, ಎಣ್ಣೆ 4, ಕಷಾಯ 16. ಕಲ್ಲುಹೂವನ್ನೂ ನೀರು ಹಾಕಿ ಅರೆದು ಕಲ್ಕಕ್ಕೇ ಸೇರಿಸುವುದು. ಅದು ಸ್ಪಂಜಿನ ಹಾಗೆ ನೀರು ಹಿಡಿದುಕೊಳ್ಳುತ್ತದೆ. ಪಾಕ ಬಂತು ಅಂತ ಇಳಿಸಿದರೆ ತಿಂಗಳೊಳಗೆ ಕಮಟು. ನೀರು ಹೋಗಲಿ ಅಂತ ಜಾಸ್ತಿ ಕಾಸಿದರೆ ಖರಪಾಕವಾಗಿ, ಅಂದರೆ ಹದ ಮೀರಿ ಕಾದು, ಪರಿಮಳವೇ ಹೋಯಿತು. ಐದಾರು ಲೀಟರ್ ತೆಂಗಿನೆಣ್ಣೆ ದೀಪಕ್ಕೆ ಹೋಗಿದೆ. ಈಗಿನ ರೇಟಿನಲ್ಲಿ ₹2,000 ದಾಟುತ್ತದೆ.

ಈಗ ಕಲ್ಲುಹೂವನ್ನು ನೀರು ಹಾಕಿ ಅರೆಯದೆ ಒಣ ಪುಡಿ ಮಾಡುತ್ತೇನೆ. ಗ್ರಂದಿಗೆ ಅಂಗಡಿಯಿಂದ (ನಾರುಬೇರು ಮಾರುವ ಅಂಗಡಿ) ತಂದದ್ದರಲ್ಲಿ ಕಾಲು ಭಾಗ ತೊಗಟೆ, ಮಣ್ಣು. ಒಂದೊಂದೇ ಎಸಳು ತಿರುಗಿಸಿ ನೋಡಬೇಕು. ಮೇಲೆ ಬೂದು, ಕೆಳಗೆ ಕಪ್ಪು. ಅಂಟಿದ ತೊಗಟೆಯನ್ನು ಚಾಕುವಿನಿಂದ ಕೆರೆಯಿರಿ, ಬಟ್ಟೆಯಲ್ಲಿ ಹಾಕಿ ಕೊಡವಿ, ತೊಳೆಯಲೇಬೇಡಿ. ಒಣಗಿದ ಮೇಲೆ ಬೆರಳಲ್ಲಿ ಮಡಚಿದರೆ ಟಕ್ ಅಂತ ಮುರಿಯಬೇಕು. ಬಾಗಿದರೆ ಒಳಗೆ ಇನ್ನೂ ನೀರಿದೆ.

ಉಳಿದ ಕಲ್ಕದ ಕೆಲಸ ಮೊದಲಿನ ಹಾಗೇ. ಕಲ್ಕವನ್ನು ಬತ್ತಿಯ ಹಾಗೆ ಹೊಸೆದು ಬೆಂಕಿಗೆ ಹಿಡಿದರೆ ಚಟಪಟ ಅನ್ನಬಾರದು, ಎಣ್ಣೆಯಲ್ಲಿ ನೊರೆ ಏಳಬೇಕು. ಇದು ಎಣ್ಣೆ ಕಾಸುವವರಿಗೆ ಗೊತ್ತಿದ್ದದ್ದೇ. ಕಲ್ಲುಹೂ ಪುಡಿಯನ್ನು ಮಾತ್ರ ಒಲೆಗೆ ತೋರಿಸುವುದಿಲ್ಲ. ಒಣ ಭರಣಿಯ ತಳದಲ್ಲಿ ಹಾಕಿ, ಬಿಸಿ ಎಣ್ಣೆಯನ್ನು ಅದರ ಮೇಲೆ ಸೋಸುತ್ತೇನೆ. ಲೀಟರಿಗೆ ಸುಮಾರು 40 ಗ್ರಾಂ. ಆಯುರ್ವೇದದಲ್ಲಿ ಗಂಧದ್ರವ್ಯಕ್ಕೆ ಪಾತ್ರಪಾಕ (ಪಾತ್ರೆಯಲ್ಲೇ ಆಗುವ ಪಾಕ) ಅಂತ ಹೇಳಿದ್ದು ಇದನ್ನೇ ಅಲ್ವಾ? "ಕಾಸದೆ ಸತ್ವ ಎಲ್ಲಿಂದ ಬರ್ತದೆ ಮಾರಾಯ?" ಅಂತ ದೊಡ್ಡಪ್ಪ ಕೇಳಿದ್ದರು. ಈಗ ಅವರೇ ಬಾಟಲಿ ಕೇಳಿ ತೆಗೆದುಕೊಂಡು ಹೋಗುತ್ತಾರೆ. ಪುಡಿಯ ಜೊತೆ ಒಂದು ಬೇರೂ ಬೀಳುತ್ತದೆ. ಯಾವ ಬೇರು ಅನ್ನುವುದು ನಮ್ಮ ಮನೆಯ ಗುಟ್ಟಾಗಿಯೇ ಇರಲಿ.

ತಲೆನೋವಿಗೆ ಹಳಬರು ಕಲ್ಲುಹೂವಿನ ಹೊಗೆ ಹಿಡಿಯುತ್ತಿದ್ದರು. ಕೆಂಡದ ಮೇಲೆ ಹಾಕಿ ನೋಡಿದೆ. ಕೆಮ್ಮು ಬಂತು, ನೋವು ಹೋಗಲಿಲ್ಲ. ಮೂತ್ರ ಕಟ್ಟಿದರೆ ಸೊಂಟಕ್ಕೆ ಇದರ ಲೇಪ ಹಾಕುವ ಪದ್ಧತಿಯೂ ಇತ್ತು. ಅಂಥದ್ದಕ್ಕೆ ಡಾಕ್ಟರ ಹತ್ತಿರ ಹೋಗುವುದೇ ಸರಿ, ನಾನು ಕೈ ಹಾಕಿಲ್ಲ. ಹೊಟ್ಟೆಗೂ ಯಾರಿಗೂ ಕೊಡುವುದಿಲ್ಲ. ಈ ಎಣ್ಣೆಯಿಂದ ತಲೆಹೊಟ್ಟಿನ ತುರಿಕೆ ಮಾತ್ರ ನನ್ನ ಮಗಳಿಗೆ, ಪಕ್ಕದ ಮನೆಯವರಿಗೆ ಚೆನ್ನಾಗಿ ಇಳಿದಿದೆ.

ಆಗುಂಬೆ ಕಡೆ ಹೋದಾಗ ಮರದಿಂದ ಕಲ್ಲುಹೂ ಸುಮ್ನೆ ಕಿತ್ತು ತರಬೇಡಿ. ಅದು ವರ್ಷಕ್ಕೆ ಬೆಳೆಯುವುದೇ ಕೆಲವು ಮಿಲಿಮೀಟರ್. ಅಂಗಡಿಯಲ್ಲಿ ನಾನು ಕಿಲೋಗೆ ₹800ರ ಹತ್ತಿರ ಕೊಟ್ಟ ನೆನಪು. 100 ಗ್ರಾಂ ತಂದು ಆರಿಸಿದರೆ ಹೆಚ್ಚುಕಮ್ಮಿ ಎರಡು ಲೀಟರಿಗೆ ಸಾಕು.